ಕ್ಯಾಸೆಟ್‌ನ್ಯಾಗ ಇದ್ದಂಗ

ಧ್ವನಿಮುದ್ರಣದ ಕೆಲಸಕ್ಕೆ ಬರಬೇಕೆಂದಿರುವ ಮಕ್ಕಳು ಈಚೆಗೆ ನನ್ನನ್ನು ಹುಡುಕಿಕೊಂಡು ಮನೆಗೆ ಬರುತ್ತಾರೆ. ಅವರಿಗೆ ಅದಕ್ಕೆಂದೇ ಒಂದು ಕೋರ್ಸು ಇದೆಯಂತೆ, ಕೊನೆಗೆ ಸರ್ಟಿಫಿಕೇಟೂ ಸಿಗುತ್ತದಂತೆ. ನಾನು ಕಲಿತದ್ದು ಬಳ್ಳಾರಿಯ ಗಾಂಧಿನಗರದಲ್ಲಿ, ಒಂದು ಸೀರೆ ಅಂಗಡಿಯ ಮಹಡಿಯ ಮೇಲೆ. ಸುಬ್ಬಯ್ಯ ಶೆಟ್ಟರ ಕ್ಯಾಸೆಟ್ ಕಂಪನಿ ಅಲ್ಲಿತ್ತು. ಕಂಪನಿ ಎಂದರೆ ಶೆಟ್ಟರು ಮತ್ತು ನಾನು. ಬಡ್ತಿ ಯಾವಾಗ ಸಿಕ್ಕಿತು ಎಂದು ಒಬ್ಬ ಹುಡುಗಿ ಕೇಳಿದಳು. ಶೆಟ್ಟರು ತಮ್ಮ ಕುರ್ಚಿ ಬಿಟ್ಟು ಏಳದೆ ನನಗೆ ಬಡ್ತಿ ಸಿಗುವಂತಿರಲಿಲ್ಲ. ಅವರು ಊಟಕ್ಕೂ ಏಳುತ್ತಿರಲಿಲ್ಲ.

ನಮ್ಮದು ಮಾಧ್ವರ ಮನೆ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಶೆಟ್ಟರು ದಾಸರ ಪದಗಳ ಕ್ಯಾಸೆಟ್ ತೆಗೆಯುತ್ತಾರೆ, ಹೆಣ್ಣುಮಗಳಿಗೆ ಮರ್ಯಾದೆಯ ಕೆಲಸ ಎಂದು ನಂಬಿ ನನ್ನನ್ನು ಕಳಿಸಿದರು. ನಾನು ಮೊಟ್ಟಮೊದಲು ಮುದ್ರಿಸಿದ್ದು ಹತ್ತಿ ಬೀಜದ ಜಾಹೀರಾತನ್ನು. ಅದನ್ನು ಆಟೋಗೆ ಕಟ್ಟಿದ ಮೈಕಿನಲ್ಲಿ ಊರೂರು ಕೂಗಿಸಿದರು. ಅಪ್ಪ ಶಾಲೆಯಿಂದ ಬರುವಾಗ ಅದನ್ನು ಕೇಳಿ, ಉಚ್ಚಾರ ಶುದ್ಧವಾಗಿದೆ ಎಂದಷ್ಟೇ ಹೇಳಿದರು.

ಕೆಲಸದ ಮುಖ್ಯ ಪಾಠವನ್ನು ಬೇಸಿಗೆ ಕಲಿಸಿತು. ಮೈಕ್ ತೆರೆದಿರುವಾಗ ಫ್ಯಾನ್ ಹಾಕುವಂತಿಲ್ಲ. ಸದ್ದು ಹೀರಲೆಂದು ಗೋಡೆಗೆಲ್ಲ ಗೋಣಿ, ಅದರ ಮೇಲೆ ಕಂಬಳಿ. ಏಪ್ರಿಲಿನ ಬಳ್ಳಾರಿಯಲ್ಲಿ ಕಂಬಳಿ ಹೊದ್ದ ಕೋಣೆಯೊಳಗೆ ಫ್ಯಾನಿಲ್ಲದೆ ಕೂತು ಭಕ್ತಿಗೀತೆ ಹಾಡಿದವರೆಲ್ಲ ನಿಜಕ್ಕೂ ದೇವರನ್ನು ಕರೆಯುತ್ತಿದ್ದರು; ಆ ಆರ್ತತೆ ನಟನೆಯಿಂದ ಬರುವಂಥದ್ದಲ್ಲ. ಒಬ್ಬ ಹಿರಿಯ ಗಾಯಕಿಯ ಬಳೆಗಳು ಪದಕ್ಕಿಂತ ಜೋರಾಗಿ ಹಾಡುತ್ತಿದ್ದವು. ಮುತ್ತೈದೆ, ಬಳೆ ತೆಗೆಯುವುದಿಲ್ಲ ಎಂದರು. ಅವರ ಎರಡೂ ಕೈಗೆ ಟವೆಲ್ ಸುತ್ತಿ ಕೂರಿಸಿದೆ. ಹೊರಗಿನಿಂದ ಬಂದ ಅವರ ಯಜಮಾನರು ಅದನ್ನು ನೋಡಿ, ಕೈ ಸುಟ್ಟಿತೇನು ಎಂದು ಗಾಬರಿಯಾದರು. ಒಟ್ಟಿನಲ್ಲಿ ಕೆಮ್ಮು, ಬಳೆ, ಕುರ್ಚಿ, ಬೀದಿ ಇವನ್ನೆಲ್ಲ ಓಡಿಸಿ ಉಳಿದದ್ದನ್ನು ಸಂಗೀತ ಎಂದು ಮಾರುವುದೇ ನನ್ನ ಕೆಲಸವಾಗಿತ್ತು. ಅದರಲ್ಲಿ ನಾನು ಪಳಗಿದ್ದೆ. ವನ್ನೂರಪ್ಪ ಬರುವವರೆಗೆ.

ವನ್ನೂರಪ್ಪ ಸಿರುಗುಪ್ಪದವರು, ಮದುವೆ ಬ್ಯಾಂಡಿನ ಯಜಮಾನರು. ಬೇರೆ ಬ್ಯಾಂಡುಗಳಲ್ಲಿ ಯಜಮಾನನಾದವನು ಟ್ರಂಪೆಟ್ಟೋ ಕ್ಲಾರಿನೆಟ್ಟೋ ಹಿಡಿದು ಮುಂದೆ ನಿಲ್ಲುತ್ತಾನೆ. ಇವರು ಡ್ರಮ್ಮು ಹೊಟ್ಟೆಯ ಮೇಲೆ ಇಳಿಬಿಟ್ಟುಕೊಂಡು ಹಿಂದೆ ನಿಲ್ಲುತ್ತಿದ್ದರು. ಮುಂದೆ ಹಚ್ಚೊಳ್ಳಿ, ಕರೂರು ಕಡೆಯ ಹೊಸ ಹುಡುಗರನ್ನು ನಿಲ್ಲಿಸಿ, ಹಿಂದಿನಿಂದ ಡ್ರಮ್ಮಿನಲ್ಲೇ ಅವರನ್ನು ಬೈದು, ಹೊಗಳಿ, ಅಟ್ಟಿಸಿಕೊಂಡು ಹೋಗಿ ಬಾರಿಸುವಂತೆ ಮಾಡುತ್ತಿದ್ದರು. ಒಬ್ಬನ ಕೈ ಪಳಗಿತು ಅನ್ನಿಸಿದರೆ ಸ್ವಂತ ಬ್ಯಾಂಡ್ ಕಟ್ಟಿಕೋ ಹೋಗು ಎಂದು ಕಳಿಸಿಬಿಡುತ್ತಿದ್ದರು. ಹೀಗಾಗಿ ಸುತ್ತಲಿನ ಎಲ್ಲ ಬ್ಯಾಂಡುಗಳೂ ಅವರ ಶಿಷ್ಯರವೇ, ಎಲ್ಲವೂ ಅವರಿಗೆ ಪ್ರತಿಸ್ಪರ್ಧಿಗಳೇ. ಇದು ಯಾವ ವ್ಯಾಪಾರದ ಲೆಕ್ಕ ಎಂದು ಶೆಟ್ಟರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆದೋನಿಯ ಕಡೆ ಯಾವುದೋ ಬ್ಯಾಂಡಿನ ಕ್ಯಾಸೆಟ್ ಚೆನ್ನಾಗಿ ಮಾರಿಹೋಗಿದೆ ಎಂಬ ಸುದ್ದಿ ಕೇಳಿ ಶೆಟ್ಟರು ವನ್ನೂರಪ್ಪನವರನ್ನು ಕರೆಸಿದರು. ಕಂಬಳಿಯ ಕೋಣೆಯಲ್ಲಿ ಬ್ಯಾಂಡು ಕೂತಿತು. ಡ್ರಮ್ಮಿಗೆ ಮೊದಲ ಪೆಟ್ಟು ಬಿದ್ದ ಕೂಡಲೆ ನನ್ನ ಯಂತ್ರದಲ್ಲಿ ಸದ್ದು ಅಳೆಯುವ ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಮೆಲ್ಲಗೆ ಬಾರಿಸಿ ಎಂದೆ. ಮೆಲ್ಲಗೆ ಬಾರಿಸುವುದು ಎಂದರೇನು ಎಂದು ಅವರು ವಿನಯದಿಂದಲೇ ಕೇಳಿದರು. ಕೊನೆಗೆ ಅವರನ್ನು ಹೊರಗೆ ಮೆಟ್ಟಿಲ ಮೇಲೆ ಕೂರಿಸಿ ಬಾಗಿಲು ಮುಚ್ಚಿದೆ. ಒಳಗಿನ ಹುಡುಗರಿಗೆ ಯಜಮಾನರ ಮುಖ ಕಾಣದು, ಹೊರಗೆ ಇವರಿಗೆ ಹುಡುಗರ ಸದ್ದು ಕೇಳದು. ಕೆಳಗಿನ ಅಂಗಡಿಗೆ ಸೀರೆ ಕೊಳ್ಳಲು ಬಂದ ಹೆಂಗಸರು ಮೆಟ್ಟಿಲ ಬುಡದಲ್ಲಿ ಸೇರಿಕೊಂಡರು. ಒಳಗೆ ಕ್ಲಾರಿನೆಟ್ಟಿನ ಹುಡುಗ ಗಾದಿಲಿಂಗ, ಕರೂರಿನವನು, ಸೆಕೆಗೆ ತಲೆ ಸುತ್ತಿ ಕಂಬಳಿಗೆ ಒರಗಿಬಿಟ್ಟ. ಹೇಗೋ ಮುಗಿಸಿದ್ದನ್ನು ಶೆಟ್ಟರು ಕೇಳಿದರು. ಅವರ ಮನೆಮಾತು ತೆಲುಗು; ಬೇಸರವಾದಾಗ ಅದೇ ಮುಂದೆ ಬರುತ್ತಿತ್ತು.

“ಏಮ್ಮಾ ಪದ್ಮಮ್ಮಾ, ಇದಿ ಬ್ಯಾಂಡಾ, ಬ್ಯಾಂಕಾ?”

ಆ ಟೇಪಿನ ಮೇಲೆ ಆಮೇಲೆ ಗೊಬ್ಬರದ ಜಾಹೀರಾತು ಮುದ್ರಿಸಿದೆವು.

ಅದೇ ವರ್ಷ ಬಳ್ಳಾರಿಯಿಂದ ವರ್ಗವಾಗಿ ಹೊರಟ ಒಬ್ಬ ಡಾಕ್ಟರು ಮನೆಯ ಸಾಮಾನು ಮಾರಿದರು. ಶೆಟ್ಟರು ಒಂದು ತೇಗದ ಪೆಟ್ಟಿಗೆ ಕೊಂಡರು. ಅದರೊಳಗೆ ಬಿಟ್ಟಿಯಾಗಿ ಬಂದ ಇಂಗ್ಲಿಷ್ ಗ್ರಾಮಫೋನ್ ರೆಕಾರ್ಡುಗಳನ್ನು ನನ್ನ ಕಡೆ ತಳ್ಳಿ, ಹೊರಗಿನ ರಟ್ಟಿನ ಅಟ್ಟೆಗಳು ಗಟ್ಟಿಯಾಗಿವೆ, ಪಾರ್ಸೆಲ್ಲಿಗೆ ಬಳಸು ಎಂದರು. ಅಟ್ಟೆ ಹರಿಯುವ ಮುನ್ನ ಒಳಗಿನದನ್ನು ಕಂಪನಿಯ ಹಳೆಯ ಗ್ರಾಮಫೋನಿಗೆ ಹಚ್ಚಿ ಕೇಳೋಣವೆಂದು ಕೂತೆ. ಅದರಲ್ಲಿ ಎರಡು ರೆಕಾರ್ಡು ಒಂದೇ ಮೇಳದವು, ಭಾಗ ಒಂದು ಮತ್ತು ಭಾಗ ಎರಡು. ಅಮೆರಿಕದ ಕಪ್ಪು ಕಲಾವಿದರ ಸಣ್ಣ ಮೇಳ. ಅವರ ಬಗೆಯ ಜಾಝಿಗೆ ಹಾರ್ಡ್ ಬಾಪ್ ಎನ್ನುತ್ತಾರೆಂದು ಅಟ್ಟೆಯ ಹಿಂದೆ ಬರೆದಿತ್ತು. ಮೇಳ ಹೊಸದಾಗಿ ಕಟ್ಟಿದಾಗ, ಯಾವುದೋ ದೊಡ್ಡ ಊರಿನ ನೆಲಮಾಳಿಗೆಯ ಹೋಟೆಲಿನಲ್ಲಿ, ಗಿರಾಕಿಗಳ ಎದುರಿಗೇ ನೇರವಾಗಿ ಮುದ್ರಿಸಿದ್ದು. ಯಜಮಾನ ಡ್ರಮ್ಮಿನವನು.

ಮೊದಲ ಸಲ ಕೇಳಿದಾಗ ನನಗೆ ಕೇಳಿಸಿದ್ದೆಲ್ಲ ತಪ್ಪೇ. ಶುರುವಿಗೇ ಯಾರೋ ಒಬ್ಬ ಮಾತಾಡುತ್ತಾನೆ. ಗ್ಲಾಸು ತಗಲುತ್ತದೆ. ಒಬ್ಬ ಹೆಂಗಸು ನಗುತ್ತಾಳೆ. ನನ್ನ ಕೈಗೆ ಸಿಕ್ಕಿದ್ದರೆ ಇಷ್ಟನ್ನೂ ಕತ್ತರಿಸಿ ಹಾಕಿರುತ್ತಿದ್ದೆ. ಆಮೇಲೆ ಡ್ರಮ್ಮು ಬಂತು. ಟ್ರಂಪೆಟ್ಟಿನ ಹುಡುಗ ಎಲ್ಲೋ ಹಾದಿ ತಪ್ಪಿ ಹೋಗುತ್ತಾನೆ, ಹಿಂದಿನಿಂದ ಡ್ರಮ್ಮು ಗುಡುಗಿ ಅವನನ್ನು ಎಬ್ಬಿಸುತ್ತದೆ, ಅವನು ಮೇಲೆ ಹಾರುತ್ತಾನೆ, ಕೂತವರು ಕೂಗುತ್ತಾರೆ. ಆ ಕೂಗಿಗೆ ಅವನು ಇನ್ನೂ ಮೇಲೆ. ಕಣ್ಣು ಮುಚ್ಚಿದರೆ ಆ ಕೋಣೆ ಎಷ್ಟು ಅಗಲ, ಬಾಗಿಲು ಎಲ್ಲಿ, ಯಾರು ಹತ್ತಿರ ಕೂತಿದ್ದಾರೆ ಎಲ್ಲ ತಿಳಿಯುತ್ತಿತ್ತು. ಕಂಬಳಿ ಹೊದಿಸಿ ನಾನು ಕೊಲ್ಲುತ್ತಿದ್ದದ್ದು ಇದನ್ನೇ ಎಂದು ಅರ್ಥವಾಗಲು ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಆ ಮಧ್ಯಾಹ್ನ ಮುದ್ರಣವಿರಲಿಲ್ಲವಾದ್ದರಿಂದ ಫ್ಯಾನೂ ತಿರುಗುತ್ತಿತ್ತು. ಅರ್ಥವಾಗಲು ಅದೂ ಒಂದು ಕಾರಣವಿರಬಹುದು.

ತಮ್ಮ ಕ್ಯಾಸೆಟ್ ಏನಾಯಿತೆಂದು ಕೇಳಲು ವನ್ನೂರಪ್ಪ ಬಂದಾಗ ಅವರಿಗೂ ಇದನ್ನು ಹಚ್ಚಿದೆ. ಮೊದಲ ಬದಿ ಮುಗಿಯುವವರೆಗೆ ತೊಡೆಯ ಮೇಲೆ ಬೆರಳು ಬಡಿಯುತ್ತ ಕೇಳಿದರು. ಆಮೇಲೆ ಇದು ಯಾರ ಮದುವೆ ಎಂದು ಕೇಳಿದರು. ಮದುವೆಯಲ್ಲ, ಹೋಟೆಲು, ಜನ ಕುಡಿಯುತ್ತ, ತಿನ್ನುತ್ತ ಕೇಳುತ್ತಿದ್ದಾರೆ ಎಂದೆ.

“ತಿನ್ನೋರ ಮುಂದ ಹಿಂಗ ಬಾರಿಸ್ಬೇಕಂದ್ರ ಎದಿ ಗಟ್ಟಿ ಇರ್ಬೇಕ್ರಿ ಅಮ್ಮಾರ,” ಎಂದರು. “ನಡು ನಡು ಅಂವ ಏನು ಹೇಳ್ತಾನ?”

ಬಾರಿಸುವ ಹುಡುಗರ ಹೆಸರು ಹೇಳುತ್ತಾನೆ ಎಂದೆ. ಒಬ್ಬೊಬ್ಬರದಾ ಎಂದು ಕೇಳಿದರು. ಒಬ್ಬೊಬ್ಬರದೂ ಎಂದೆ. ಮದುವೆಮನೆಯಲ್ಲಿ ಬ್ಯಾಂಡಿನವರ ಹೆಸರನ್ನು ಊಟಕ್ಕೆ ಕರೆಯುವಾಗಲೂ ಯಾರೂ ಹೇಳುವುದಿಲ್ಲ. ‘ಬ್ಯಾಂಡಿನೋರು ಬರ್ರಿ’ ಅಷ್ಟೇ. ವನ್ನೂರಪ್ಪ ಎರಡನೇ ಬದಿಯನ್ನೂ ಹಚ್ಚಲು ಹೇಳಿದರು.

ಜನರ ನಡುವೆಯೇ ಮುದ್ರಿಸೋಣ ಎಂದು ಶೆಟ್ಟರನ್ನು ಒಪ್ಪಿಸುವುದು ಕಷ್ಟವೆಂದುಕೊಂಡಿದ್ದೆ. ಸಿರುಗುಪ್ಪದಲ್ಲಿ ಹೊಸ ಅಕ್ಕಿ ಗಿರಣಿಯ ಪೂಜೆ ಇತ್ತು. ವನ್ನೂರಪ್ಪನವರ ಬ್ಯಾಂಡಿಗೆ ಅಲ್ಲಿ ಕರೆ ಬಂದಿತ್ತು, ಬಂದವರಿಗೆಲ್ಲ ಗಿರಣಿಯವರದೇ ಊಟ. ಊಟ ಅವರದೇ ಎಂದ ಮೇಲೆ ಶೆಟ್ಟರಿಗೆ ಕಲೆಯ ಬಗ್ಗೆ ಯಾವ ಅನುಮಾನವೂ ಉಳಿಯಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿ ಯಂತ್ರದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಗಿರಣಿಯ ಹೆಂಗಸರು ಪೆಟ್ಟಿಗೆ ನೋಡಿ ನನ್ನನ್ನು ಸೂಜಿ ಹಾಕುವ ನರ್ಸಮ್ಮ ಎಂದುಕೊಂಡು ಮಕ್ಕಳನ್ನು ಒಳಗೆ ಅಟ್ಟಿದರು. ನೆಲ್ಲು ಒಣಗಿಸುವ ದೊಡ್ಡ ಸಿಮೆಂಟಿನ ಕಣ. ಒಂದು ಮೈಕನ್ನು ಬ್ಯಾಂಡಿನ ಕಡೆಗೂ ಇನ್ನೊಂದನ್ನು ಜನರ ಕಡೆಗೂ ತಿರುಗಿಸಿ ಬಿದಿರಿಗೆ ಕಟ್ಟಿದೆ. ಜನರ ಕಡೆಗೇಕೆ, ಅವರೇನು ಬಾರಿಸುತ್ತಾರೆ ಎಂದು ಗಾದಿಲಿಂಗ ಕೇಳಿದ. ನೋಡೋಣ ಎಂದೆ. ನನಗೂ ಖಾತ್ರಿ ಇರಲಿಲ್ಲ.

ಮದುವೆ ಮೆರವಣಿಗೆಯ ಹಳೆಯದೊಂದು ಮಟ್ಟು ಹಿಡಿದರು. ಗಾದಿಲಿಂಗ ಒಳ್ಳೆಯ ಎತ್ತರಕ್ಕೆ ಹೋಗಿದ್ದ. ಆದರೆ ಕ್ಲಾರಿನೆಟ್ಟಿನ ಬಾಯಲ್ಲಿರುವ ತೆಳ್ಳನೆಯ ಬೆತ್ತದ ಚೂರು ಬಿಸಿಲಿಗೆ ಒಣಗಿಹೋಗಿತ್ತು. ನಡುವೆ ಅದು ‘ಕೀಂಯ್’ ಎಂದು ಕಿರುಚಿಕೊಂಡಿತು. ಹುಡುಗನ ಮುಖ ಕಪ್ಪಿಟ್ಟಿತು. ವನ್ನೂರಪ್ಪ ಒಂದು ಕ್ಷಣವೂ ಬಿಡದೆ ಆ ಕಿರುಚಿಗೆ ಡ್ರಮ್ಮಿನಲ್ಲಿ ‘ಧಡಧಡ ಧಾಂ’ ಎಂದು ಉತ್ತರ ಕೊಟ್ಟರು. ಕರೆದವನಿಗೆ ಓಗೊಟ್ಟ ಹಾಗೆ. ಕಣದ ತುಂಬ ನಗು. ಗಾದಿಲಿಂಗನೂ ನಕ್ಕು, ಬೇಕೆಂದೇ ಮತ್ತೊಮ್ಮೆ ಕಿರುಚಿಸಿದ. ಮತ್ತೆ ಉತ್ತರ. ಅಲ್ಲಿಂದ ಇಬ್ಬರೂ ಎಲ್ಲಿಗೆ ಹೋದರೋ, ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಕೂಗಿದ್ದನ್ನೂ ಸೇರಿಸಿ ಎಲ್ಲವೂ ಟೇಪಿಗೆ ಬಂತು. ಮಟ್ಟು ಮುಗಿದ ಮೇಲೆ ವನ್ನೂರಪ್ಪ ನನ್ನ ಮೈಕಿನ ಹತ್ತಿರ ಬಂದು, ಬಾರಿಸಿದ ಪ್ರತಿಯೊಬ್ಬ ಹುಡುಗನ ಹೆಸರನ್ನೂ ಊರನ್ನೂ ಗಟ್ಟಿಯಾಗಿ ಹೇಳಿದರು. ಹುಡುಗರು ತಲೆ ತಗ್ಗಿಸಿ ನಿಂತಿದ್ದರು, ಬಹುಮಾನ ಕೊಡುವಾಗ ನಿಲ್ಲುವ ಹಾಗೆ.

ಕ್ಯಾಸೆಟ್ ಮಾರಾಟವಾಯಿತು. ಯಾಕೆ ಎಂದು ಕೇಳಿದರೆ ನನ್ನ ವೃತ್ತಿಗರ್ವ ಸ್ವಲ್ಪ ಕುಗ್ಗುತ್ತದೆ. ಸಿರುಗುಪ್ಪದ ಕಡೆಯವರು ಅದನ್ನು ಕೊಂಡದ್ದು ಅದರಲ್ಲಿ ತಮ್ಮ ಕಡೆಯವರು ನಕ್ಕಿದ್ದಾರೆ ಎಂದು. ಹಚ್ಚೊಳ್ಳಿಯ ಒಬ್ಬರು ಅಂಗಡಿಯಲ್ಲೇ ಹಾಕಿಸಿ ಕೇಳಿ, ಅಲ್ಲಿ ಕೆಮ್ಮುತ್ತಿರುವವರು ತಮ್ಮ ಮಾವ ಎಂದು ಗುರುತಿಸಿ, ಅಕ್ಕನ ಮನೆಗೂ ಒಂದು ಒಯ್ದರು. ಸಂಗೀತ ಆ ನಗು, ಕೆಮ್ಮಿನ ಜೊತೆಗೆ ಮನೆಮನೆಗೆ ಹೋಯಿತು. ಒಂದು ಸಲ ಹೋದ ಮೇಲೆ ಮಾತ್ರ ತಾಲ್ಲೂಕಿನ ಬ್ಯಾಂಡುಗಳೆಲ್ಲ ಅದನ್ನೇ ಕೇಳಿ ಕೇಳಿ ಕಲಿಯತೊಡಗಿದವು. ಪ್ರತಿ ಮೆರವಣಿಗೆಯಲ್ಲೂ ಅದೇ ಮಟ್ಟು, ಅದೇ ಜಾಗದಲ್ಲಿ ಕೀಂಯ್, ಅದರ ಹಿಂದೆ ಧಡಧಡ ಧಾಂ. ಬಿಸಿಲಿಗೆ ಒಣಗಿದ ಬೆತ್ತದ ಚೂರೊಂದರ ತಪ್ಪನ್ನು ಕಲಿಯಲು ಹುಡುಗರು ತಿಂಗಳುಗಟ್ಟಲೆ ಸಾಧನೆ ಮಾಡುತ್ತಿದ್ದರು. ಗಾದಿಲಿಂಗನನ್ನು ವನ್ನೂರಪ್ಪ ವಾಡಿಕೆಯಂತೆ ಬೀಳ್ಕೊಟ್ಟರು. ಅವನು ಕಟ್ಟಿದ ಬ್ಯಾಂಡು ಆ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಚಾಚೂ ತಪ್ಪದೆ ಬಾರಿಸುತ್ತಿತ್ತು. ಅವನಿಗೆ ಬಿಡುವಿಲ್ಲದಷ್ಟು ಕರೆ. ಪಾಪ, ಅವನು ಒಮ್ಮೆ ಎಡವಿದ್ದನ್ನು ದಿನಾ ಎಡವಬೇಕಾಯಿತು.

ಕಷ್ಟ ಬಂದದ್ದು ವನ್ನೂರಪ್ಪನವರಿಗೆ. ಕುರುಗೋಡಿನ ಒಂದು ಮದುವೆಯಲ್ಲಿ ಅವರು ಬಾರಿಸುತ್ತಿದ್ದಾಗ ಹುಡುಗಿಯ ಸೋದರಮಾವ ಕೈ ಎತ್ತಿ ನಿಲ್ಲಿಸಿದರಂತೆ. ಇದು ಅದಲ್ಲ, ಸಿರುಗುಪ್ಪದ ಬ್ಯಾಂಡಿನ ಹಾಗಿಲ್ಲ ಎಂದರಂತೆ. ನಾವೇ ಸಿರುಗುಪ್ಪದ ಬ್ಯಾಂಡು ಎಂದು ಇವರು ಹೇಳಿದರೂ ಅವರು ಒಪ್ಪಲಿಲ್ಲ. ಕಾರಿನಲ್ಲಿದ್ದ ಕ್ಯಾಸೆಟ್ ಹಾಕಿ, ಹೀಗೆ ಬಾರಿಸಬೇಕು ಎಂದು ವನ್ನೂರಪ್ಪನವರಿಗೇ ಕೇಳಿಸಿದರು. ಅಂಥದೇ ಮಾತು ಇನ್ನೆರಡು ಕಡೆಯೂ ಬಂತು. ಕರೆಗಳು ಗಾದಿಲಿಂಗನ ಕಡೆಗೆ ಹೊರಳಿದವು.

ಒಂದು ಬೆಳಿಗ್ಗೆ ಅವರು ಡ್ರಮ್ಮಿನ ಸಮೇತ ನಮ್ಮ ಮಹಡಿ ಹತ್ತಿ ಬಂದರು. ಆ ಟೇಪನ್ನು ಹಚ್ಚಿ, ತಮ್ಮ ಭಾಗವನ್ನು ಕಲಿತುಕೊಳ್ಳುತ್ತೇನೆ ಎಂದರು. ನನಗೆ ನಗು ಬಂತು, ಅವರು ನಗುತ್ತಿರಲಿಲ್ಲ. ಮನೆಯಲ್ಲಿ ಹುಡುಗರು ಖಾಲಿ ಕೂತಿದ್ದಾರೆ, ಅವರ ಅಪ್ಪಂದಿರಿಗೆ ಏನು ಹೇಳಲಿ ಎಂದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತೊಡೆಯ ಮೇಲೆ ಕೋಲು ಆಡಿಸುತ್ತ ಕೂತರು. ನಿಲ್ಲಿಸಿ ಎನ್ನುವರು, ಹಿಂದಕ್ಕೆ ತಿರುಗಿಸಿ ಎನ್ನುವರು. ಇಲ್ಲಿ ಯಾಕೆ ಹೀಗೆ ಹೊಡೆದೆ ಎಂದು ತಮ್ಮನ್ನೇ ಕೇಳಿಕೊಳ್ಳುವರು. ಹುಡುಗ ಕಿರುಚಿದ್ದಕ್ಕೆ ಅಲ್ಲವೇ ಎಂದು ನಾನು ಹೇಳಿದರೆ, ಈಗ ಕಿರುಚುವವನು ಇಲ್ಲವಲ್ಲ ಎನ್ನುವರು. ಕೆಲವು ದಿನ ಹೀಗೆ ಬಂದರು. ಎಷ್ಟು ಸಲ ಬಾರಿಸಿದರೂ ಎಲ್ಲೋ ಒಂದು ಕಡೆ ಕೈ ತಾನಾಗಿ ಬೇರೆ ದಾರಿ ಹಿಡಿಯುತ್ತಿತ್ತು, ಆ ದಾರಿ ಟೇಪಿನದಕ್ಕಿಂತ ಚೆನ್ನಾಗಿಯೇ ಇರುತ್ತಿತ್ತು. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ಇಂವ ಯಾರೋ ಬ್ಯಾರೇ ಮನುಷ್ಯಾ ಅದಾನ್ರಿ. ಇಂವನ್ನ ಹಿಡಿಯಾಕ ನನ್ನ ಕೈಲಿ ಆಗಂಗಿಲ್ಲ.”

ಈ ಹೊತ್ತಿಗೆ ಶೆಟ್ಟರಿಗೆ ಭಾಗ ಎರಡು ಬೇಕಾಗಿತ್ತು. ಅಮೆರಿಕದವರೂ ಎರಡು ಭಾಗ ಮಾಡಿದ್ದಾರಲ್ಲ ಎಂದು ನಾನು ಹಿಂದೊಮ್ಮೆ ಬಾಯಿಬಿಟ್ಟಿದ್ದೆ. ಕರೂರಿನಲ್ಲಿ ಪಂಪನಗೌಡರ ಹಿರಿಯ ಮಗಳ ಮದುವೆ. ವನ್ನೂರಪ್ಪನವರಿಗೆ ಬಹಳ ದಿನದ ಮೇಲೆ ಬಂದ ಕರೆ. ಶೆಟ್ಟರು ಬ್ಯಾಟರಿಯಿಂದ ನಡೆಯುವ ಹೊಸ ಯಂತ್ರ ಕೊಟ್ಟು ನನ್ನನ್ನು ಕಳಿಸಿದರು.

ಮದುಮಕ್ಕಳ ಮೇಲೆ ಅಕ್ಕಿಕಾಳು ಬಿದ್ದಾಗಿತ್ತು. ಊಟಕ್ಕೆ ಮುಂಚೆ ಜನರ ಎದುರು ಬಾರಿಸಬೇಕು. ಗೌಡರು ಒಳ್ಳೆಯವರೇ. ವನ್ನೂರಪ್ಪನವರ ಹತ್ತಿರ ಬಂದು, ಬೀಗರು ದೂರದಿಂದ ಬಂದಿದ್ದಾರೆ, ಮಾನ ಉಳಿಸಬೇಕು, ಕ್ಯಾಸೆಟ್ಟಿನಲ್ಲಿ ಇರುವ ಹಾಗೆಯೇ ಆಗಬೇಕು ಎಂದು ಕೈಮುಗಿದೇ ಕೇಳಿಕೊಂಡರು. ವನ್ನೂರಪ್ಪ ತಮ್ಮ ಹುಡುಗರನ್ನು ಒಮ್ಮೆ ನೋಡಿದರು. ಹೊಸಬರು, ಒಬ್ಬನಿಗೂ ಆ ಮಟ್ಟು ಹಾಗೆ ಬಾರದು. ಅವರು ಚಪ್ಪರದ ಮೈಕಿನ ಹತ್ತಿರ ಹೋದರು. ನಾನು ಯಂತ್ರವನ್ನು ಚಾಲೂ ಮಾಡಿದ್ದೆ, ಹಾಗಾಗಿ ಅವರ ಮಾತು ನನ್ನಲ್ಲಿ ಇದ್ದಂತೆಯೇ ಉಳಿದಿದೆ.

“ದೊಡ್ಡೋರು ಎಲ್ಲಾರೂ ಕೇಳ್ರಿ. ಕ್ಯಾಸೆಟ್‌ನ್ಯಾಗ ಇದ್ದದ್ದು ಬೇಕಂದ್ರ ಕ್ಯಾಸೆಟ್ಟೇ ಹಚ್ಚ್ರಿ, ಅದು ನಮಗಿಂತ ಚಂದ ಬಾರಿಸ್ತೈತಿ. ನಾವು ಊಟ ಮಾಡಿ ಹೋಗ್ತೀವಿ. ಇವತ್ತಿಂದು ಬೇಕಂದ್ರ ನಾವು ಅದೀವಿ.”

ಚಪ್ಪರದ ತುಂಬ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಘಳಿಗೆಯಲ್ಲಿ ಏನಾಗಬೇಕೆಂದು ನಾಟಕ ಬರೆಯುವವರಿಗೆ ಚೆನ್ನಾಗಿ ಗೊತ್ತು. ಕರೂರಿನವರು ನಾಟಕ ಬರೆಯುವವರಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವರು ಕ್ಯಾಸೆಟ್ ಹಚ್ಚಿದರು.

ಬ್ಯಾಂಡಿನವರು ಮಾತಿನಂತೆ ಊಟಕ್ಕೆ ಕೂತರು. ನಾನೂ ಅವರ ಸಾಲಿನಲ್ಲೇ ಕೂತೆ. ವನ್ನೂರಪ್ಪ ಹೋಳಿಗೆಗೆ ಇನ್ನಷ್ಟು ತುಪ್ಪ ಕೇಳಿ ಹಾಕಿಸಿಕೊಂಡರು. ಹೊಸ ಕ್ಲಾರಿನೆಟ್ಟಿನ ಹುಡುಗ ಮಾತ್ರ ತುತ್ತು ಎತ್ತದೆ ಎಲೆ ನೋಡುತ್ತಿದ್ದ. ಉಣ್ಣೋ, ಇವತ್ತಿನ ಪಗಾರ ಇದೇ ಎಂದು ವನ್ನೂರಪ್ಪ ಅವನಿಗೆ ಹೇಳಿದರು. ಚಪ್ಪರದಲ್ಲಿ ಮೈಕ್‌ಸೆಟ್ಟು ಸಿರುಗುಪ್ಪದ ಗಿರಣಿಯನ್ನು ಕೂಗುತ್ತಿತ್ತು. ಕೀಂಯ್ ಬರುವ ಜಾಗ ಹತ್ತಿರವಾಗುತ್ತಿದ್ದ ಹಾಗೆ ಜನ ನಗಲು ತಯಾರಾದರು. ಅಷ್ಟರಲ್ಲಿ ಕರೆಂಟು ಹೋಯಿತು.

ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯಲ್ಲ. ಆದರೆ ಬೀಗರ ಎದುರು, ಅರ್ಧ ಮಟ್ಟಿನಲ್ಲಿ ಹೋಯಿತು. ಜನ ಕಾದರು, ಬೀಸಣಿಗೆ ಬೀಸಿಕೊಂಡರು, ಯಾರೋ ಲೈನ್‌ಮನ್ನನ ಮನೆಗೆ ಮೋಟಾರ್ ಸೈಕಲ್ ಓಡಿಸಿದರು, ಲೈನ್‌ಮನ್ ಇದೇ ಮದುವೆಯಲ್ಲಿ ಉಣ್ಣುತ್ತಿದ್ದಾನೆಂದು ತಿಳಿದು ವಾಪಸು ಬಂದರು. ಗಂಡಿನ ಕಡೆಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡರು. ಕೈ ತೊಳೆಯುವ ಜಾಗಕ್ಕೆ ಪಂಪನಗೌಡರೇ ಬಂದರು. ಏನಾದರೂ ಬಾರಿಸಿ ಎಂದರು.

“ಏನಾರ ಅಂದ್ರ?” ವನ್ನೂರಪ್ಪ ಕೇಳಿದರು.

“ನಿಮಗ ತಿಳಿದಿದ್ದು.”

ಬಾಯಿ ಒರೆಸಿಕೊಂಡು ಡ್ರಮ್ಮು ಏರಿಸಿಕೊಂಡರು. ಅದೇ ಮಟ್ಟನ್ನು ಎತ್ತಿಕೊಂಡರು, ಕ್ಯಾಸೆಟ್ ನಿಂತಲ್ಲಿಂದಲೇ. ಆದರೆ ನಿಧಾನ, ಹೊಟ್ಟೆ ತುಂಬಿದವರ ನಡಿಗೆಯಲ್ಲಿ. ಹೊಸ ಹುಡುಗ ಹೆದರಿ ಹೆದರಿ ಒಂದೆರಡು ಸ್ವರ ಹಿಡಿದ. ಹಿಂದಿನಿಂದ ಡ್ರಮ್ಮು ಅವನ ಬೆನ್ನು ತಟ್ಟಿತು. ಅವನು ಇನ್ನೊಂದು ಹೆಜ್ಜೆ ಇಟ್ಟ. ಡ್ರಮ್ಮು ತಟ್ಟನೆ ನಿಂತುಹೋಯಿತು, ನೀರಿಗೆ ದೂಡಿ ಕೈಬಿಟ್ಟ ಹಾಗೆ. ಹುಡುಗ ಒಬ್ಬನೇ ಕೈಕಾಲು ಬಡಿದು ಬಡಿದು ಮೇಲೆ ಬಂದ, ಎಂಥದೋ ಒಂದು ಹಾಡು ಹಿಡಿದುಕೊಂಡೇ ಬಂದ. ಆಗ ಡ್ರಮ್ಮು ಮತ್ತೆ ಸೇರಿದ್ದನ್ನು ನಾನು ಈಗ ಬರೆಯಲಾರೆ. ಬಡಿಸುವವರು ಬಕೆಟ್ಟು ಕೆಳಗಿಟ್ಟು ನಿಂತಿದ್ದರು. ಗಂಡಿನ ಕಡೆಯ ಹಿರಿಯರು ತಲೆ ಅಲ್ಲಾಡಿಸುತ್ತಿದ್ದರು. ನಡುವೆ ಕರೆಂಟು ಬಂದು ಮೈಕ್‌ಸೆಟ್ಟು ಬಾಯಿ ತೆರೆಯಿತು. ಯಾರೋ ಓಡಿಹೋಗಿ ಅದನ್ನು ಬಂದ್ ಮಾಡಿದರು. ಕೊನೆಗೆ ವನ್ನೂರಪ್ಪ ಹುಡುಗರ ಹೆಸರು ಹೇಳಿದರು. ಹೊಸ ಹುಡುಗನ ಹೆಸರಿಗೆ ಜನ ಶಿಳ್ಳೆ ಹಾಕಿದರು.

ಎಲ್ಲ ಮುಗಿದು ನಾನು ವೈರು ಸುತ್ತುತ್ತಿದ್ದಾಗ ಪಂಪನಗೌಡರು ಬಂದರು. ಕಣ್ಣು ತೇವವಾಗಿತ್ತು. ಇದನ್ನೆಲ್ಲ ಹಿಡಿದುಕೊಂಡಿರಾ ಎಂದು ಕೇಳಿದರು. ಹಿಡಿದಿದ್ದೇನೆ ಎಂದೆ. ಅವರು ವನ್ನೂರಪ್ಪನವರ ಕೈ ಹಿಡಿದುಕೊಂಡರು.

“ಮುಂದಿನ ವರ್ಷ ಸಣ್ಣಾಕಿ ಮದುವಿ. ಅವಾಗೂ ಇದೇ ಬೇಕು ನೋಡ್ರಿ. ಒಂದೀಟೂ ಹೆಚ್ಚು ಕಡಿಮಿ ಆಗಬಾರ್ದು.”

ವನ್ನೂರಪ್ಪ ಗಂಭೀರವಾಗಿ ಆಗಲಿ ಎಂದರು.

ಸಿರುಗುಪ್ಪದ ತನಕ ಗೌಡರ ಟ್ರ್ಯಾಕ್ಟರ್ ನಮ್ಮನ್ನು ಬಿಡಲು ಬಂತು. ಕಾಲುವೆ ದಾರಿ, ಟ್ರೇಲರಿನಲ್ಲಿ ನಾವೂ ವಾದ್ಯಗಳೂ ಒಟ್ಟಿಗೆ ಕುಲುಕುತ್ತಿದ್ದೆವು. ಆಗಲಿ ಎಂದಿರಲ್ಲ, ಮುಂದಿನ ವರ್ಷ ಹೇಗೆ ಇದನ್ನೇ ಬಾರಿಸುತ್ತೀರಿ ಎಂದು ಕೇಳಿದೆ.

“ಅಷ್ಟೊತ್ತಿಗೆ ನನಗೂ ನೆನಪಿರಂಗಿಲ್ಲ, ಗೌಡ್ರಿಗೂ ನೆನಪಿರಂಗಿಲ್ಲ,” ಎಂದರು. ಆಮೇಲೆ ನನ್ನ ತೊಡೆಯ ಮೇಲಿನ ಯಂತ್ರವನ್ನು ನೋಡಿ, “ನೀವು ಕ್ಯಾಸೆಟ್ ಮಾಡದಿದ್ರ,” ಎಂದರು.

ಅದರಲ್ಲಿ ಸಿಟ್ಟಿರಲಿಲ್ಲ. ನನ್ನ ಕೆಲಸ ಅದೇ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ಯಾಸೆಟ್ ಮಾಡಿದೆ. ಭಾಗ ಎರಡು ಮೊದಲನೆಯದಕ್ಕಿಂತ ಚೆನ್ನಾಗಿ ಮಾರಿಹೋಯಿತು. ಮುಂದಿನ ವರ್ಷ ಪಂಪನಗೌಡರ ಸಣ್ಣ ಮಗಳ ಮದುವೆಗೆ ಗಾದಿಲಿಂಗನ ಬ್ಯಾಂಡು ಹೋಯಿತು. ಒಂದೀಟೂ ಹೆಚ್ಚು ಕಡಿಮೆ ಆಗದಂತೆ ಬಾರಿಸಿದರಂತೆ.